ಲಂಗದ ಅಂಚಿನಿಂದ ಉದುರಿದ್ದು

ಲೋಹ ಹುಡುಕುವ ಯಂತ್ರ ಮೊದಲು ಕೆಮ್ಮಿತು, ಆಮೇಲೆ ಹಾಡಿತು. ಕೆಮ್ಮಿದ್ದು ಯಾವುದೋ ತುಕ್ಕು ಮೊಳೆಗೆ. ಹಾಡಿದ್ದು ಬೇರೆ ಯಾವುದಕ್ಕೋ. ಲಿನೆಟ್ ಉಸಿರು ಬಿಗಿಹಿಡಿದು ಅದೇ ಜಾಗದ ಮೇಲೆ ಇನ್ನೊಮ್ಮೆ, ತೊಟ್ಟಿಲು ತೂಗುವಷ್ಟು ಮೆತ್ತಗೆ, ಯಂತ್ರವನ್ನು ಬೀಸಿದಳು. ಮತ್ತೆ ಹಾಡಿತು. ಬಿಯರ್ ಡಬ್ಬಿಯ ಚೂರು ಹಾಡುವ ಕಳ್ಳ ಹಾಡಲ್ಲ ಅದು. ಗೂಡಿನಿಂದ ಕತ್ತು ಹೊರಹಾಕಿದ ಮರಿಹಕ್ಕಿಯ ಹಾಗೆ ಚಿಕ್ಕದು, ಚೊಕ್ಕದು.

ಜನವರಿಯ ಆ ಭಾನುವಾರ ಹೊಲದ ಮೇಲ್ಪದರ ಚಳಿಗೆ ಹೆಪ್ಪುಗಟ್ಟಿ ಹಪ್ಪಳದಂತೆ ಗರಿಗಟ್ಟಿತ್ತು. ಕಾಲಿಟ್ಟರೆ ಮುರಿಯುತ್ತಿತ್ತು, ಅಡಿಯ ಕೆಸರು ಬೂಟನ್ನು ಹಿಡಿದುಕೊಂಡು ಬಿಡಲೊಲ್ಲೆ ಎನ್ನುತ್ತಿತ್ತು. ಸಕ್ಕರೆ ಬೀಟ್‌ರೂಟು ಕಿತ್ತು ಮುಗಿದು, ಬಾರ್ಲಿ ಬಿತ್ತುವ ತನಕ ಹೊಲ ಬರಿದಾಗಿ ಬಿದ್ದಿರುವ ಈ ಕೆಲವು ವಾರಗಳೇ ನಾಣ್ಯ ಹುಡುಕುವವರಿಗೆ ಸುಗ್ಗಿ. ಇಂಗ್ಲೆಂಡಿನ ಈ ನಾರ್ಫೋಕ್ ಜಿಲ್ಲೆಯ ಮಿಕ್ಕ ಜನ ಒಲೆಯ ಮುಂದೆ ಕಾಲು ಚಾಚಿ ಕೂತಿರುವಾಗ ಇವರು ಮೂಗು ಕೆಂಪಗೆ ಮಾಡಿಕೊಂಡು, ಕಳೆದುಹೋದ ಕುರಿಯನ್ನು ಅರಸುವವರ ಹಾಗೆ ತಲೆ ತಗ್ಗಿಸಿ ನಡೆಯುತ್ತಿರುತ್ತಾರೆ.

ಲಿನೆಟ್ ಸಲಿಕೆ ಊರಿದಳು. ಹೆಂಟೆ ಎತ್ತಿ, ಕೈಗವಸು ಕಳಚಿ, ಬರಿ ಬೆರಳಿನಲ್ಲಿ ಮಣ್ಣು ಪುಡಿಮಾಡಿದಳು. ಬೆರಳಿಗೆ ಏನೋ ತಣ್ಣಗೆ ತಾಕಿತು.

ಬೆಳ್ಳಿ. ಆದರೆ ಚಪ್ಪಟೆಯಾಗಿರಲಿಲ್ಲ. ಒಂದು ಅಂಚು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಗಾಳಿಗೆ ಹೊರಳಿದ ಎಲೆಯ ಹಾಗೆ. ದೊರೆಯ ಮುಖ ಸವೆದು ಬರೀ ಮೂಗಿನ ನೆರಳು ಉಳಿದಿತ್ತು. ಬಗ್ಗಿಸಿದ ಆರು ಪೆನ್ನಿಯ ನಾಣ್ಯ! ಹಿಂದಿನ ಕಾಲದ ಹುಡುಗರು ಒಲಿದ ಹುಡುಗಿಗೆ ನಾಣ್ಯವನ್ನು ಹೀಗೆ ಎರಡು ಕಡೆ ಬಗ್ಗಿಸಿ ಕೊಡುತ್ತಿದ್ದರು. ಬಗ್ಗಿಸಿದ ಮೇಲೆ ಅದನ್ನು ಅಂಗಡಿಯವರು ಮುಟ್ಟುವುದಿಲ್ಲ. ಒಂದೋ ಹುಡುಗಿ ಸಾಯುವ ತನಕ ಇಟ್ಟುಕೊಳ್ಳಬೇಕು, ಇಲ್ಲವೇ ಒಲ್ಲೆ ಎಂದು ಬೇಲಿಯಾಚೆ ಎಸೆಯಬೇಕು.

ಅವಳು ತಲೆ ಎತ್ತಿ ಹಿಂದಕ್ಕೆ ನೋಡಿದಳು.

ಕ್ರಿಸ್‌ಮಸ್ ಕಳೆದಾಗಿನಿಂದ ಊರವರು ಉದ್ದ ಹೊಲ ಎನ್ನುವ ಈ ಹೊಲದಲ್ಲಿ ನಾಣ್ಯ ಸಿಕ್ಕಲ್ಲೆಲ್ಲ ಅವಳು ಒಂದೊಂದು ಕಡ್ಡಿ ನೆಟ್ಟು, ತುದಿಗೆ ಕೆಂಪು ಉಣ್ಣೆ ದಾರ ಕಟ್ಟಿದ್ದಳು. ಹತ್ತಿರದಿಂದ ನೋಡಿದರೆ ಅಲ್ಲೊಂದು ಇಲ್ಲೊಂದು ಕಡ್ಡಿ, ಅಷ್ಟೆ. ಆದರೆ ಮುಳ್ಳುಬೇಲಿಯ ಪಕ್ಕದ ಈ ಜಾಗದಲ್ಲಿ ನಿಂತು ನೋಡಿದಾಗ ಅವು ಗೇಟಿನಿಂದ ಹೊರಟು, ನೇಗಿಲು ಆಚೀಚೆ ಎಳೆದಾಡಿದ್ದರೂ, ಒಂದೇ ಸಾಲಿನಲ್ಲಿ ಅವಳ ಕಾಲಬುಡಕ್ಕೆ ಬಂದಿದ್ದವು. ಅವಳು ತಿರುಗಿ ಮುಂದಕ್ಕೆ ನೋಡಿದಳು. ಸಾಲು ಹೀಗೇ ಮುಂದುವರಿದರೆ ನೆಟ್ಟಗೆ ಹೋಗಿ ಮುಟ್ಟುವುದು ಚರ್ಚಿನ ಗೋಪುರವನ್ನು.

"ಅಯ್ಯೋ ಅಜ್ಜಿ, ಅವಳು ನಡೆದುಹೋದ ದಾರಿ ಇದೇ ಕಣೇ!" ಎಂದು ಲಿನೆಟ್ ಗಟ್ಟಿಯಾಗಿಯೇ ಹೇಳಿಬಿಟ್ಟಳು. ಬೇಲಿಯಲ್ಲಿದ್ದ ಕಾಗೆಯೊಂದು ಅವಳನ್ನು ಓರೆಗಣ್ಣಿನಿಂದ ನೋಡಿ ಹಾರಿಹೋಯಿತು.

ಅವಳು ಎಂದರೆ ಮದುಮಗಳು. ಅಜ್ಜಿ ಮಾವಿಸಳ ಮದುಮಗಳು. ಅಜ್ಜಿಯ ಮಡಿಲಲ್ಲಿ ಮಲಗಿ ಲಿನೆಟ್ ಕೇಳಿದ ಕತೆಗಳು ಮೂಟೆಗಟ್ಟಲೆ ಇದ್ದವು, ಆದರೆ ಚಳಿ ಬಿದ್ದೊಡನೆ ಒಲೆಯ ಮುಂದೆ ಬಂದು ಕೂರುತ್ತಿದ್ದುದು ಇದೊಂದೇ. ಒಬ್ಬಳು ಹುಡುಗಿ, ಹಿಮ ಬೀಳುವ ದಿನ ಮದುವೆಗೆಂದು ಒಬ್ಬಳೇ ಹೊಲ ದಾಟಿ ಚರ್ಚಿಗೆ ಹೊರಟಳಂತೆ. ಗಾಳಿಗೆ ಲಂಗ ಹಾರದಿರಲಿ ಎಂದು ಅವಳ ತಾಯಿ ಅಂಚಿನ ಮಡಿಕೆಯೊಳಗೆ ಮನೆಯಲ್ಲಿದ್ದ ನಾಣ್ಯಗಳನ್ನೆಲ್ಲ ಇಟ್ಟು ಹೊಲಿದಿದ್ದಳು. ಗೇಟಿನ ಹತ್ತಿರ ಅಂಚು ಮುಳ್ಳಿಗೆ ಸಿಕ್ಕಿ ಹರಿಯಿತು. ನಾಣ್ಯಗಳು ಒಂದೊಂದಾಗಿ ಹಿಮದಲ್ಲಿ ಉದುರಿದವು, ಸದ್ದಿಲ್ಲದೆ. ಹುಡುಗಿಗೆ ಮೈ ಹಗುರಾಗುತ್ತ ಹೋಯಿತು. ಸಂತೋಷಕ್ಕೇ ಹೀಗಾಗುತ್ತಿದೆ ಎಂದುಕೊಂಡಳು. ಚರ್ಚಿನ ಬಾಗಿಲಲ್ಲಿ ಅತ್ತೆ ವರದಕ್ಷಿಣೆಯ ನಾಣ್ಯಕ್ಕಾಗಿ ಅಂಚು ಎತ್ತಿ ನೋಡಿ "ಎಲ್ಲಿ?" ಎಂದಾಗ ತಿರುಗಿ ನೋಡಿದರೆ ಹೆಜ್ಜೆಗಳೂ ಇಲ್ಲ, ಎಲ್ಲ ಬಿಳಿ.

ಊರಿನಲ್ಲಿ ಈ ಕತೆಗೆ ಗೌರವವೇನೂ ಇರಲಿಲ್ಲ. "ಮಾವಿಸಳ ಮದುಮಗಳು ಇನ್ನೂ ಚರ್ಚು ತಲುಪಿಲ್ವಂತಾ?" ಎಂದು ಕೇಳುವುದು ಎಲ್ಲರಿಗೂ ಚಾಳಿಯಾಗಿತ್ತು. ಅಜ್ಜಿ ನಗುತ್ತಿದ್ದಳು. ಲಿನೆಟ್‌ಗೆ ಮಾತ್ರ ನಗು ಬರುತ್ತಿರಲಿಲ್ಲ. ಬರುವ ಶನಿವಾರ ಪೇಟೆಯ ಗ್ರಂಥಾಲಯಕ್ಕೆ ಇಮೊಜೆನ್ ಬರುತ್ತಾಳೆ. ಜನ ನೆಲದಲ್ಲಿ ಕಂಡುಕೊಂಡದ್ದನ್ನೆಲ್ಲ ನೋಡಿ, ಜಿಲ್ಲೆಯ ನಕ್ಷೆಯಲ್ಲಿ ಅದು ಸಿಕ್ಕ ಜಾಗಕ್ಕೆ ಒಂದು ಚುಕ್ಕೆ ಇಡುವುದು ಅವಳ ಕೆಲಸ. ಒಮ್ಮೆ ಇಟ್ಟ ಚುಕ್ಕೆ ಲಿನೆಟ್ ಸತ್ತ ಮೇಲೂ ಇರುತ್ತದೆ, ಅವಳ ಮೊಮ್ಮಕ್ಕಳು ಸತ್ತ ಮೇಲೂ ಇರುತ್ತದೆ. ಅಜ್ಜಿಯ ಕತೆಗೆ ಅಂಥದೊಂದು ಚುಕ್ಕೆ ಬೇಕು, ಅಜ್ಜಿ ಕಣ್ಣಾರೆ ಅದನ್ನು ನೋಡಬೇಕು. ಈ ಚಳಿಗಾಲ ಲಿನೆಟ್‌ಗೆ ಬೇಕಾಗಿದ್ದುದು ಇಷ್ಟೇ.

ಗುಂಡಿ ಮುಚ್ಚಿ, ಮಣ್ಣು ತುಳಿದು ಸಮ ಮಾಡಿ, ಕಡ್ಡಿ ನೆಟ್ಟು, ಅವಳು ಹೊಲದ ಒಡೆಯ ಕೀಬಲ್ ಯಜಮಾನನ ಕೊಟ್ಟಿಗೆಯತ್ತ ಓಡಿದಳು.

ಕೊಟ್ಟಿಗೆಯಲ್ಲಿ ಒಣಹುಲ್ಲಿನ ಪಿಂಡಿಯ ಮೇಲೆ ಡೆರಿಕ್ ಥರ್ಟಲ್ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ. ನಾಣ್ಯ ಹುಡುಕುವವರ ಸಂಘಕ್ಕೆ ಅವನೇ ಹಿರಿಯ. ಲಿನೆಟ್‌ಳ ತಾತ ಕ್ಲಿಫರ್ಡ್ ಬದುಕಿದ್ದಾಗ ಅವನ ಜೋಡಿ. ಅವಳ ಕೈಯಲ್ಲಿರುವ ಯಂತ್ರವೂ ತಾತನದೇ, ಹಿಡಿಗೆ ಸುತ್ತಿದ ಹಸಿರು ಪಟ್ಟಿಯೂ ತಾತ ಸುತ್ತಿದ್ದೇ.

"ಏನೇ ಹುಡುಗಿ, ಬೆಂಕಿ ಬಿದ್ದವಳ ಥರ ಓಡಿಬರ್ತಿದೀಯ? ಕಿರೀಟ ಸಿಕ್ತಾ?"

"ಸುಮ್ನಿರಿ ಡೆರಿಕ್ ಮಾವ. ಮದುಮಗಳು ಸಿಕ್ಕಳು."

"ಹೌದಾ! ಚಹಾ ಕುಡೀತಾಳಾ ಕೇಳು. ಪಾಪ, ಎಷ್ಟು ವರ್ಷದಿಂದ ನಡೀತಿದಾಳೋ."

ಲಿನೆಟ್ ಹತ್ತಿ ತುಂಬಿದ ಡಬ್ಬಿಯನ್ನು ಅವನ ಮುಂದಿಟ್ಟು ಮುಚ್ಚಳ ತೆಗೆದಳು. ಥರ್ಟಲ್ ಕನ್ನಡಕ ಏರಿಸಿದ. ಮೊದಲು ಬಗ್ಗಿದ ಆರು ಪೆನ್ನಿಯನ್ನು ಎತ್ತಿ, ಇಷ್ಟು ಹೊತ್ತಿಗೆ ಬರಬೇಕಾಗಿದ್ದ ತಮಾಷೆಯನ್ನು ಮರೆತು, "ಎಂಥಾ ಚೆಂದ ಇದೆಯೇ ಇದು!" ಎಂದ. ಆಮೇಲೆ ಮಿಕ್ಕವನ್ನು ಒಂದೊಂದಾಗಿ ಅಂಗೈ ಮೇಲೆ ಇಟ್ಟುಕೊಂಡ. ಶಿಲುಬೆಯ ಗುರುತಿದ್ದ ತೆಳ್ಳನೆಯ ಬೆಳ್ಳಿ ಪೆನ್ನಿ. ಜಾರ್ಜ್ ದೊರೆಯ ತಾಮ್ರದ ಅರೆ ಪೆನ್ನಿ. ವಿಕ್ಟೋರಿಯಾ ರಾಣಿಯ ದಪ್ಪ ಪೆನ್ನಿ. ಕೊನೆಗೆ ಅಂಗಿಯ ಗುಂಡಿಯಷ್ಟು ಸಣ್ಣದೊಂದು ರೋಮನ್ ಕಂಚು.

"ಇವೆಲ್ಲ ಒಂದೇ ಸಾಲಲ್ಲಿ ಸಿಕ್ಕಿದ್ವಾ?"

"ಒಂದೇ ಸಾಲು. ಗೇಟಿನಿಂದ ಚರ್ಚಿಗೆ. ನೋಡ್ಬನ್ನಿ ಬೇಕಾದ್ರೆ."

"ಅಲ್ವೇ, ನಿಮ್ಮ ಮದುಮಗಳಿಗೆ ವಯಸ್ಸೆಷ್ಟು? ರೋಮನ್ನರ ಕಾಲದಲ್ಲಿ ಹುಟ್ಟಿ ವಿಕ್ಟೋರಿಯಾ ಕಾಲದಲ್ಲಿ ಮದುವೆ ಆದ್ಲಾ? ನಮ್ಮ ನಾದಿನೀನೂ ತಡವಾಗೇ ಆದದ್ದು, ಆದ್ರೂ ಇಷ್ಟಿಲ್ಲ."

ಲಿನೆಟ್‌ಗೂ ಅದು ಗೊತ್ತಿರಲಿಲ್ಲವೆಂದಲ್ಲ. ರಾತ್ರಿ ಹಾಸಿಗೆಯಲ್ಲಿ ಅದನ್ನೇ ತಿರುವಿಹಾಕಿದ್ದಳು. ಮನೆಯಲ್ಲಿದ್ದ ನಾಣ್ಯಗಳನ್ನೆಲ್ಲ ತಾಯಿ ಹೊಲಿದಿದ್ದಳು ಎಂದರೆ, ಯಾವ ಕಾಲದ್ದೋ ಏನೋ, ಹೊಲ ಉಳುವಾಗ ಸಿಕ್ಕ ಹಳೆಯವೂ ಇರಬಹುದಲ್ಲ? ಅಥವಾ ಮದುಮಗಳು ಒಬ್ಬಳೇ ಅಲ್ಲದೆ, ಕಾಲಕಾಲಕ್ಕೂ ಒಬ್ಬೊಬ್ಬಳು ಅದೇ ದಾರಿಯಲ್ಲಿ...

"ಇರು," ಎಂದ ಥರ್ಟಲ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ರೋಮನ್ ಕಂಚನ್ನು ಬೆಳಕಿಗೆ ಹಿಡಿದ. ಬೆರಳಿಗೆ ಉಗುಳು ಸವರಿ ಅದರ ಮೇಲೆ ಒರೆಸಿದ. ತೇವ ಹರಡಲಿಲ್ಲ; ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಮುತ್ತುಗಟ್ಟಿ ನಿಂತಿತು. "ಇದಕ್ಕೆ ಮೇಣ ಹಚ್ಚಿದೆ."

"ಅಂದ್ರೆ?"

"ಅಂದ್ರೆ ಇದನ್ನ ಯಾರೋ ಆಗ್ಲೇ ಒಂದ್ಸಲ ಅಗೆದು ತೆಗೆದು, ತೊಳೆದು, ಒಣಗಿಸಿ, ಹಸಿರು ಹಿಡಿಯದೇ ಇರ್ಲಿ ಅಂತ ಮೇಣ ತಿಕ್ಕಿದಾರೆ. ನೆಲದೊಳಗೆ ಇದ್ದ ರೋಮನ್ನರು ಮೇಣ ಹಚ್ಕೊಂಡು ಕೂತಿರ್ಲಿಲ್ಲ ಕಣೇ." ಅವನು ಅರೆ ಪೆನ್ನಿಗೂ ಉಗುಳು ಸವರಿದ. ಅದರಲ್ಲೂ ಹನಿ ಮುತ್ತಾಯಿತು. "ಹೀಗೆ ತಿಕ್ತಿದ್ದವನು ನಮ್ಮಲ್ಲಿ ಒಬ್ಬನೇ. ನಿಮ್ಮ ತಾತ."

ಚಹಾ ಆರುತ್ತಿತ್ತು. ಥರ್ಟಲ್ ಹೇಳಿದ. ಸಂಘದಲ್ಲಿ ಹೊಸವರ್ಷಕ್ಕೊಂದು ಆಟವಿತ್ತು. ಹಿಂದಿನ ದಿನ ಒಬ್ಬರು ಹೊಲದಲ್ಲಿ ನಾಣ್ಯ ಬಿತ್ತುವುದು, ಮಾರನೆಯ ದಿನ ಎಲ್ಲರೂ ಬಂದು ಹುಡುಕುವುದು. ಹೆಪ್ಪುಗಟ್ಟಿದ ಕಾಲದಲ್ಲಿ ಯಾರೂ ಬರಿಗೈಯಲ್ಲಿ ಮನೆಗೆ ಹೋಗಬಾರದಲ್ಲ, ಅದಕ್ಕೆ. ಬಿತ್ತುವವನು ಹೊಲದಲ್ಲಿ ದಿಕ್ಕು ತಪ್ಪಬಾರದೆಂದು ದೂರದ ಯಾವುದಾದರೂ ಎತ್ತರದ ಮೇಲೆ ಕಣ್ಣು ನೆಟ್ಟು ನಡೆಯುತ್ತಾನೆ. ಕೆಲವು ಹೆಜ್ಜೆಗೊಂದು ನಾಣ್ಯ ಬಿಟ್ಟು ಹಿಮ್ಮಡಿಯಲ್ಲಿ ಒತ್ತುತ್ತಾನೆ.

"ನೀನು ಆಗ ತೊಟ್ಟಿಲ ಕೂಸು. ಆ ವರ್ಷ ಬಿತ್ತೋ ಸರದಿ ಕ್ಲಿಫ್‌ದು. ಬೆಳಗಾಗೋದ್ರಲ್ಲಿ ಮೊಣಕಾಲು ಮಟ ಹಿಮ. ಆಟ ನಿಲ್ಲಿಸಿದ್ವಿ. ಹಿಮ ಕರಗಿದ ಮೇಲೆ ಅವನೇ ಎತ್ಕೊಂಡಿರ್ತಾನೆ ಅಂತ ನಾನು ಅಂದ್ಕೊಂಡೆ. ಅವನಿಗೆ ಮಾರ್ಚಲ್ಲಿ ಎದೆ ನೋವು ಬಂತು, ಹೋಗ್ಬಿಟ್ಟ. ಆಮೇಲೆ ಯಾರಿಗೆ ನೆನಪಿರುತ್ತೆ ಇದೆಲ್ಲ? ಯಾವ ಹೊಲ ಅಂತಾನೂ ಅವನು ನಮಗೆ ಹೇಳಿರ್ಲಿಲ್ಲ. ಹೇಳೋ ಹಾಗಿಲ್ಲವಲ್ಲ."

"ಅವರು ಬೇರೆ ಪೆನ್ನಿ ಹಾಕಬಹುದಿತ್ತಲ್ಲ? ಹಳೇದನ್ನ ಯಾಕೆ?"

"ನಾವೆಲ್ಲ ಬಯ್ತಿದ್ವಿ. 'ಹಳೇ ನಾಣ್ಯ ಬಿತ್ತಬೇಡವೋ, ನಾಳೆ ಯಾರೋ ಇದನ್ನ ನಿಜ ಅಂದ್ಕೋತಾರೆ' ಅಂತ. 'ಹುಡುಕಿದವರ ಮುಖ ನೋಡಬೇಕು ಕಣೋ, ಹೊಸ ಪೆನ್ನಿಗೆ ಆ ಮುಖ ಬರಲ್ಲ' ಅಂತಿದ್ದ." ಥರ್ಟಲ್ ಲಿನೆಟ್‌ಳ ಮುಖವನ್ನು ನೋಡಿ, ತಕ್ಷಣ ಬೇರೆ ಕಡೆ ನೋಡಿದ. "ಇನ್ನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮಜ್ಜಿ ಆ ಮದುಮಗಳ ಕತೆ ಹೇಳಿದ್ದು ನಾನು ಮೊದಲು ಕೇಳಿದ್ದು ಆ ಚಳಿಗಾಲ ಆದ್ಮೇಲೇ."

ಲಿನೆಟ್ ಬಗ್ಗಿದ ಆರು ಪೆನ್ನಿಯನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. "ಇದರ ಮೇಲೆ ಮೇಣ ಇದೆಯಾ?"

"ಬೆಳ್ಳಿಗೆ ಯಾರೂ ಮೇಣ ಹಚ್ಚಲ್ಲ ಕಣೇ. ಅದು ಬಾಯಿ ಬಿಡಲ್ಲ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ಗಿರಣಿಯಾಗಿತ್ತು. ಕತೆ ಮೊದಲೋ, ನಾಣ್ಯ ಮೊದಲೋ? ತಾತ ಅಜ್ಜಿಯ ಕತೆ ಕೇಳಿ ಆ ಸಾಲಿನಲ್ಲಿ ಬಿತ್ತಿದನೋ, ಅಜ್ಜಿ ತಾತನ ಸಾಲು ನೋಡಿ ಕತೆ ಕಟ್ಟಿದಳೋ? ಕತೆಯನ್ನು ತಾನು ಮೊದಲ ಸಲ ಕೇಳಿದ್ದು ಯಾವಾಗ ಎಂದು ನೆನೆಯಲು ನೋಡಿದಳು. ಕೇಳದೇ ಇದ್ದ ಕಾಲವೇ ನೆನಪಿಗೆ ಬರಲಿಲ್ಲ.

ಅಜ್ಜಿ ಅಡುಗೆಮನೆಯಲ್ಲಿ ಕುದಿಯುವ ಸಾರಿಗೆ ಹಿಟ್ಟಿನ ಉಂಡೆ ಬಿಡುತ್ತಿದ್ದಳು. ಉಂಡೆ ತೇಲಿದರೆ ಒಳ್ಳೆಯ ಹೆಂಗಸು, ಮುಳುಗಿದರೆ ಗಂಡ ಬಡಪಾಯಿ ಎಂದು ಪ್ರತಿಸಲವೂ ಹೇಳುತ್ತಿದ್ದಳು. ಇವತ್ತು ಒಂದು ಮುಳುಗಿತ್ತು.

"ಬೂಟು ಹೊರಗೆ ಬಿಡೇ. ಅರ್ಧ ಹೊಲ ಹೊತ್ಕೊಂಡು ಬಂದಿದೀಯ. ಕೀಬಲ್ ಕೇಳಿದ್ರೆ ಏನು ಹೇಳ್ಲಿ?"

"ಅಜ್ಜಿ, ತಾತ ಉದ್ದ ಹೊಲದಲ್ಲಿ ನಾಣ್ಯ ಬಿತ್ತಿದ್ರಾ?"

ಅಜ್ಜಿಯ ಸೌಟು ನಿಂತಿತು. ಅವಳು ನೆನಪಿಸಿಕೊಳ್ಳುತ್ತಿದ್ದಾಳೋ, ಏನು ಹೇಳಬೇಕೆಂದು ಯೋಚಿಸುತ್ತಿದ್ದಾಳೋ ಲಿನೆಟ್‌ಗೆ ತಿಳಿಯಲಿಲ್ಲ.

"ಅವರೊಬ್ಬರೇ ಯಾಕೆ? ನಾನೂ ಇದ್ದೆ. ಸಂಜೆ ಮುಂಚೆ, ಮೋಡ ಕವಿದಿತ್ತು. ನಾಣ್ಯ ಎಲ್ಲ ನನ್ನ ಕೋಟಿನ ಜೇಬಲ್ಲಿ. ಅವರು ಮುಂದೆ ಗೋಪುರ ನೋಡ್ಕೊಂಡು ನಡಿಯೋದು, ಕೈ ಹಿಂದಕ್ಕೆ ಚಾಚೋದು, ನಾನು ಒಂದೊಂದು ಕೊಡೋದು. ಅರ್ಧ ದಾರೀಲಿ ಕೈ ಚಾಚಿದ್ರೆ ಕೊಡಕ್ಕೇ ಏನೂ ಇಲ್ಲ! ಜೇಬು ತೂತು. ಕೋಟಿನ ಒಳಪದರಕ್ಕೆ ಇಳಿದು, ಅಂಚಿನ ಹೊಲಿಗೆ ಬಿಟ್ಟಿತ್ತು ನೋಡು, ಅಲ್ಲಿಂದ ಉದುರಿಬಿಟ್ಟಿವೆ. ಎಷ್ಟು ಬಯ್ದ್ರು ಅಂತೀಯ! ಆಮೇಲೆ ಇಬ್ರೂ ಹೊಲದ ಮಧ್ಯೆ ನಿಂತು ನಗೋದು. ಹಿಮ ಶುರುವಾಯ್ತು."

"ಹಾಗಾದ್ರೆ ಮದುಮಗಳು ನೀನೇ." ಲಿನೆಟ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಕತೆ ನೀನು ಕಟ್ಟಿದ್ದು."

"ನಾನೆಂಥ ಮದುಮಗಳೇ, ಆಗ ನನಗೆ ಮಂಡಿ ನೋವು. ಕತೆ ನಮ್ಮಜ್ಜಿದು."

"ಡೆರಿಕ್ ಮಾವ ಆ ಚಳಿಗಾಲಕ್ಕೆ ಮುಂಚೆ ಕೇಳೇ ಇಲ್ವಂತೆ."

"ಡೆರಿಕ್‌ಗೆ ನಾನು ಯಾಕೆ ಕತೆ ಹೇಳ್ಲಿ? ಅವನೇನು ಹಾಲು ಕುಡಿಯೋ ಮಗುನಾ?" ಎಂದಳು ಅಜ್ಜಿ. ಆಮೇಲೆ ಮುಳುಗಿದ ಉಂಡೆಯನ್ನು ಸೌಟಿನಿಂದ ತಿವಿಯುತ್ತ, ಮೆತ್ತಗೆ, "ನಮ್ಮಜ್ಜಿ ಹೇಳಿದ್ದಳು. ಹೇಳಿದ್ದಳು ಅನ್ಸುತ್ತೆ. ಈಗ ಅವಳ ಮುಖಾನೂ ಕತೇಲಿ ಕೇಳಿದ ಹಾಗೇ ಆಗಿದೆ ನಂಗೆ," ಎಂದಳು.

ಅಲ್ಲಿಯ ತನಕ ಅಜ್ಜಿಗೆ ತೋರಿಸದೆ ಇಟ್ಟಿದ್ದ ನಾಣ್ಯಗಳನ್ನು ಲಿನೆಟ್ ಮೇಜಿನ ಮೇಲೆ ಸುರಿದಳು. ಅಜ್ಜಿ ಒಂದೊಂದನ್ನೂ ಹಳೆಯ ನೆಂಟರನ್ನು ಕಂಡವಳಂತೆ ಗುರುತು ಹಿಡಿದಳು. ರೋಮನ್ ಕಂಚು ಹೌದು, ಅದು ಅವರದೇ. ಅರೆ ಪೆನ್ನಿ ಹೌದು. ದಪ್ಪ ಪೆನ್ನಿಯೂ ಹೌದು. ಬೆಳ್ಳಿ ಪೆನ್ನಿ ಬಿತ್ತುವಾಗ ತಾತನಿಗೆ ಹೊಟ್ಟೆ ಉರಿದಿತ್ತು. ಬಗ್ಗಿದ ಆರು ಪೆನ್ನಿಯನ್ನು ಮಾತ್ರ ಕೈಗೆತ್ತಿಕೊಂಡು ಬೇರೆಯಾಗಿ ಇಟ್ಟಳು.

"ಇದು ನಮ್ಮದಲ್ಲ."

"ಸರಿಯಾಗಿ ನೋಡು ಅಜ್ಜಿ."

"ನೋಡೋದೇನಿದೆ? ಬಗ್ಗಿಸಿದ್ದೊಂದು ಸಿಗಲಿ ಅಂತ ಜೀವಮಾನವಿಡೀ ಒದ್ದಾಡಿದರು ನಿಮ್ಮ ತಾತ. ಸಿಕ್ಕಿದ್ರೆ ನನ್ನ ಕುತ್ತಿಗೆಗೆ ಹಾಕ್ತಿದ್ರು, ಹೊಲಕ್ಕಲ್ಲ."

ಲಿನೆಟ್‌ಳ ಎದೆ ಒಮ್ಮೆ ಕುಣಿಯಿತು, ಮರುಕ್ಷಣವೇ ಅನುಮಾನ ಬಂತು. ಮೊಮ್ಮಗಳ ಮುಖ ಬಾಡಿದ್ದನ್ನು ನೋಡಲಾರದೆ ಅಜ್ಜಿ ಹೀಗೆ ಹೇಳುತ್ತಿರಬಹುದು. ಕತೆಗಾಗಿ ಸುಳ್ಳು ಹೇಳುವುದು ಅಜ್ಜಿಗೆ ಸುಳ್ಳೆಂದೇ ಅನ್ನಿಸುವುದಿಲ್ಲ.

ಶನಿವಾರ ಗ್ರಂಥಾಲಯದಲ್ಲಿ ಇಮೊಜೆನ್‌ಳ ಮುಂದೆ ಕೂತಾಗಲೂ ಲಿನೆಟ್ ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ಮಿಕ್ಕವನ್ನು ಮನೆಯಲ್ಲೇ ಬಿಟ್ಟು, ಬಗ್ಗಿದ ಆರು ಪೆನ್ನಿಯನ್ನಷ್ಟೇ ತಂದಿದ್ದಳು. ಒಂದೇ ನಾಣ್ಯ, ಒಂದೇ ಜಾಗ, ಸುಳ್ಳೇನೂ ಹೇಳಬೇಕಾಗಿರಲಿಲ್ಲ. ಬೇಲಿಯ ಪಕ್ಕ ಸಿಕ್ಕಿತು ಎಂದರೆ ಸಾಕು.

ಇಮೊಜೆನ್‌ಳಿಗೆ ನೆಗಡಿಯಾಗಿತ್ತು. ಕತ್ತಿನ ಉಣ್ಣೆ ಬಟ್ಟೆಯೊಳಗಿಂದ "ಅಬ್ಬಾ, ಎಷ್ಟು ಮುದ್ದಾಗಿದೆ!" ಎಂದು ನಾಣ್ಯವನ್ನು ತಿರುಗಿಸಿ ನೋಡಿದಳು. ಪರದೆಯ ಮೇಲೆ ನಕ್ಷೆ ತೆರೆದಳು. ಚರ್ಚು, ಗೇಟು, ಉದ್ದ ಹೊಲ. ಸುತ್ತ ಅಲ್ಲಲ್ಲಿ ಚುಕ್ಕೆಗಳಿದ್ದವು. ಉದ್ದ ಹೊಲ ಮಾತ್ರ ಹಿಮ ಬಿದ್ದ ಹಾಗೆ ಖಾಲಿ.

"ಎಲ್ಲಿ ತೋರಿಸಿ."

ಲಿನೆಟ್ ಬೆರಳಿಟ್ಟಳು.

"ಆ ಹೊಲದಲ್ಲಿ ಹಿಂದೆ ಯಾರಾದ್ರೂ ನಾಣ್ಯ ಬಿತ್ತಿದ್ದು ಗೊತ್ತಾ? ಎಲ್ಲರನ್ನೂ ಕೇಳ್ತೀನಿ, ತಪ್ಪು ತಿಳ್ಕೋಬೇಡಿ."

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ಆಗ ಲಿನೆಟ್‌ಗೆ ಕಂಡದ್ದು ಮದುಮಗಳಲ್ಲ. ಹೊಲದ ಮಧ್ಯೆ ನಿಂತು ನಗುತ್ತಿರುವ ಇಬ್ಬರು ಮುದುಕರು, ಅವರ ಮೇಲೆ ಬೀಳಲು ತೊಡಗಿದ ಹಿಮ. ಇಲ್ಲ ಎಂದರೆ ಅವರಿಬ್ಬರೂ ಆ ಹೊಲದಲ್ಲಿ ಯಾವತ್ತೂ ನಡೆದೇ ಇರಲಿಲ್ಲ ಎಂದಾಗುತ್ತಿತ್ತು.

"ಬಿತ್ತಿದಾರೆ," ಎಂದಳು. "ನಮ್ಮ ತಾತ. ನಮ್ಮಜ್ಜಿ ಜೇಬಿಂದಲೂ ಉದುರಿದಾವೆ. ಇದು ಅವರದ್ದಲ್ಲ ಅಂತಾಳೆ ಅಜ್ಜಿ. ನಂಗೆ ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

ಇಮೊಜೆನ್ ಕೈ ಹಿಂದೆಗೆದಳು. "ಅಯ್ಯೋ. ಹಾಗಾದ್ರೆ ಚುಕ್ಕೆ ಇಡಕ್ಕಾಗಲ್ಲ ಲಿನೆಟ್. ಬಿತ್ತಿದ ಹೊಲ ಅಂದ್ಮೇಲೆ ಅದು ಏನು ಹೇಳಿದ್ರೂ ನಂಬೋ ಹಾಗಿಲ್ಲ. ಇದಕ್ಕೂ ಅಷ್ಟೆ, ಇನ್ನು ಮುಂದೆ ಸಿಕ್ಕೋದಕ್ಕೂ ಅಷ್ಟೆ." ನಾಣ್ಯವನ್ನು ಹತ್ತಿಯಲ್ಲಿಟ್ಟು ವಾಪಸು ತಳ್ಳುತ್ತ, "ಹೇಳದೇ ಇರಬಹುದಿತ್ತು ನೀವು," ಎಂದಳು. ಹೊಗಳಿದಳೋ ಮರುಗಿದಳೋ ಗೊತ್ತಾಗಲಿಲ್ಲ. ನೆಗಡಿಯ ದನಿ.

ಮನೆಯಲ್ಲಿ ಅಜ್ಜಿ ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದಳು. ಮೊಮ್ಮಗಳ ಮುಖ ನೋಡಿ ಒಲೆಗೆ ಇನ್ನೊಂದು ಕೊರಡು ತಳ್ಳಿದಳು. "ಬಾ, ಇಲ್ಲಿ ಕೂತ್ಕೊ. ನನಗೆ ಹೇಳಿ ಹೇಳಿ ಸಾಕಾಗಿದೆ. ಇವತ್ತು ಕತೆ ನೀನು ಹೇಳು."

ಲಿನೆಟ್‌ಗೆ ಹೇಳುವ ಮನಸ್ಸೇ ಇರಲಿಲ್ಲ. ಆದರೂ ಕಾಲಬುಡದಲ್ಲಿ ಕೂತು, ಬೆಂಕಿ ನೋಡುತ್ತ ಶುರುಮಾಡಿದಳು. ಹಿಮ ಬೀಳುವ ದಿನ ಒಬ್ಬಳು ಹುಡುಗಿ. ತಾಯಿ ಹೊಲಿದ ಅಂಚು. ಮುಳ್ಳು. ಹೇಳುತ್ತ ಹೇಳುತ್ತ ಅವಳ ಮೈಯೂ ಸ್ವಲ್ಪ ಹಗುರಾಯಿತು.

"...ಒಂದೊಂದೇ ಉದುರಿದ್ವಂತೆ. ತಾಯಿ ಕೊಟ್ಟಿದ್ದೆಲ್ಲ ಉದುರಿತು. ಕೊನೆಗೆ ಉಳಿದದ್ದು ಆ ಹುಡುಗ ಬಗ್ಗಿಸಿ ಕೊಟ್ಟ ಆರು ಪೆನ್ನಿ ಒಂದೇ. ಅದನ್ನ ಅವಳು ಯಾರಿಗೂ ಕಾಣದ ಹಾಗೆ ತಾನೇ ಹೊಲ್ಕೊಂಡಿದ್ಲು. ಬೇಲಿ ಹತ್ರ ಅದೂ..."

ಅವಳು ತಟ್ಟನೆ ಮಾತು ನಿಲ್ಲಿಸಿದಳು. ಇದು ಅಜ್ಜಿಯ ಕತೆಯಲ್ಲಿ ಇರಲಿಲ್ಲ. ಬಾಯಿಗೆ ಎಲ್ಲಿಂದ ಬಂತು?

ಕಂಬಳಿಯೊಳಗಿಂದ ಅಜ್ಜಿ ಮುಂದಕ್ಕೆ ಬಾಗಿದಳು. ಬೆಂಕಿಯ ಬೆಳಕಿನಲ್ಲಿ ಅವಳ ಮುಖದ ತುಂಬ ಗಲಿಬಿಲಿ. ನಟನೆಯಾಗಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಹೌದು ಕಣೇ, ಅದೂ ಇತ್ತು," ಎಂದಳು. "ನೀನು ಚಿಕ್ಕವಳು ಅಂತ ಅದನ್ನ ಬಿಟ್ಟು ಹೇಳ್ತಿದ್ದೆ. ನಿಂಗ್ಯಾರು ಹೇಳಿದ್ರು ಅದನ್ನ? ನಾನೇ ಹೇಳಿದ್ನಾ?"

ಲಿನೆಟ್ ಜೇಬಿಗೆ ಕೈಹಾಕಿದಳು. ನಾಣ್ಯ ಅಲ್ಲೇ ಇತ್ತು, ಮೈಯ ಬಿಸಿಗೆ ಬೆಚ್ಚಗಾಗಿ. ಜೇಬಿನ ಹೊಲಿಗೆ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡು, "ಗೊತ್ತಿಲ್ಲ ಅಜ್ಜಿ," ಎಂದಳು. "ಮುಂದೆ ಏನಾಯ್ತು, ನೀನೇ ಹೇಳು."